ಖಿನ್ನತೆ ಮತ್ತು ಆಹಾರದ ಸೂಕ್ಷ್ಮ ಖನಿಜಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಆಹಾರ ಸಲಹೆ ನೀಡುವುದು ನನ್ನ ಕೆಲಸ. ಎದುರು ಕುಳಿತು ಮಾತನಾಡುವವರೂ ಪತ್ರ ಬರೆಯುವವರೂ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಕೂಡಿಸಿದ್ದೇನೆ. ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದ್ದೇನೆ. ಬದುಕೇ ಬೇಡ ಎಂಬ ಯೋಚನೆ ನಿಮಗೆ ಬರುತ್ತಿದ್ದರೆ ಇದನ್ನು ಆಮೇಲೆ ಓದಬಹುದು. ಈಗಲೇ ಹತ್ತಿರದವರೊಬ್ಬರಿಗೆ ಹೇಳಿ, ಅವರ ಜೊತೆಯಲ್ಲೇ ಆಸ್ಪತ್ರೆಗೆ ಹೋಗಿ.

## ಮೊದಲ ಪ್ರಶ್ನೆಗಳು

ಸೂಕ್ಷ್ಮ ಖನಿಜ ಎಂದರೆ ಯಾವುವು? ಅವಕ್ಕೂ ಮನಸ್ಸಿಗೂ ಏನು ಸಂಬಂಧ?

ದೇಹಕ್ಕೆ ದಿನಕ್ಕೆ ಕೆಲವೇ ಮಿಲಿಗ್ರಾಂ ಅಥವಾ ಅದಕ್ಕಿಂತಲೂ ಕಡಿಮೆ ಬೇಕಾಗುವ, ಆದರೆ ಇಲ್ಲದಿದ್ದರೆ ನಡೆಯದ ಧಾತುಗಳು ಇವು: ಕಬ್ಬಿಣ, ಸತು, ತಾಮ್ರ, ಅಯೋಡಿನ್, ಸೆಲೆನಿಯಂ, ಮ್ಯಾಂಗನೀಸ್ ಇತ್ಯಾದಿ. ವಯಸ್ಕರೊಬ್ಬರ ಇಡೀ ಮೈಯಲ್ಲಿರುವ ಸತು ಸುಮಾರು 2 ಗ್ರಾಂ. ಅಯೋಡಿನ್ 15ರಿಂದ 20 ಮಿಲಿಗ್ರಾಂ ಮಾತ್ರ, ಅದರಲ್ಲೂ ಹೆಚ್ಚಿನ ಪಾಲು ಕತ್ತಿನಲ್ಲಿರುವ ಥೈರಾಯ್ಡ್ ಗ್ರಂಥಿಯಲ್ಲಿ.

ಮಿದುಳು ತನಗೆ ಬೇಕಾದ ರಾಸಾಯನಿಕಗಳನ್ನು ತಾನೇ ತಯಾರಿಸಿಕೊಳ್ಳುತ್ತದೆ. ಆ ತಯಾರಿಕೆ ನಡೆಸುವ ಕಿಣ್ವಗಳಲ್ಲಿ ಹಲವಕ್ಕೆ ಲೋಹದ ಪರಮಾಣುವೊಂದು ಜೊತೆಗಿರಲೇಬೇಕು. ಮನಸ್ಸಿನ ಸ್ಥಿತಿಗೆ ಸಂಬಂಧಿಸಿದ ಸೆರೊಟೋನಿನ್ ಮತ್ತು ಡೋಪಮಿನ್ ತಯಾರಾಗುವ ಮೊದಲ ಹೆಜ್ಜೆಗೆ ಕಬ್ಬಿಣ ಬೇಕು. ಡೋಪಮಿನ್ ನಾರ್‌ಅಡ್ರಿನಲಿನ್ ಆಗಿ ಬದಲಾಗಲು ತಾಮ್ರ ಬೇಕು. ಬಿ12 ಜೀವಸತ್ವದ ನಡುವೆ ಕೋಬಾಲ್ಟ್ ಎಂಬ ಲೋಹದ ಒಂದು ಪರಮಾಣು ಕುಳಿತಿದೆ, ಅದಿಲ್ಲದೆ ಆ ಜೀವಸತ್ವವೇ ಇಲ್ಲ. ಸಂಬಂಧ ಇಷ್ಟು ನಿಜವಾದದ್ದು. ಆದರೆ ಸಂಬಂಧವಿದೆ ಎಂದ ಮಾತ್ರಕ್ಕೆ ಅದೇ ಮದ್ದು ಎಂದಾಗುವುದಿಲ್ಲ. ಮುಂದಿನ ಉತ್ತರಗಳಲ್ಲೆಲ್ಲ ಈ ಅಂತರವೇ ಎದುರಾಗುತ್ತದೆ.

ಸತುವಿನ ಮಾತ್ರೆ ತಿಂದರೆ ಖಿನ್ನತೆ ವಾಸಿಯಾಗುತ್ತದೆಯೇ? ನೇರವಾಗಿ ಹೇಳಿ.

ಇಲ್ಲ. ಸತುವಷ್ಟೇ ಅಲ್ಲ, ಯಾವ ಖನಿಜವೂ ಒಂಟಿಯಾಗಿ ಖಿನ್ನತೆಗೆ ಚಿಕಿತ್ಸೆಯಲ್ಲ. ಕೊರತೆ ಇದ್ದವರಲ್ಲಿ ಅದನ್ನು ತುಂಬಿದರೆ ಸುಸ್ತು, ಕಿರಿಕಿರಿ, ಮಂಕುತನ ಕಡಿಮೆಯಾಗಬಹುದು. ಕೆಲವರಲ್ಲಿ ಚಿಕಿತ್ಸೆಗೆ ಅದು ಒತ್ತಾಸೆಯೂ ಆದೀತು. ಕೊರತೆ ಇಲ್ಲದವರು ನುಂಗಿದರೆ ಸಿಗುವುದು ಹೊಟ್ಟೆ ತೊಳೆಸುವಿಕೆ.

ಸದಾ ಸುಸ್ತು, ಯಾವುದರಲ್ಲೂ ಆಸಕ್ತಿ ಇಲ್ಲ. ಇದು ಖಿನ್ನತೆಯೋ, ಮೈಯಲ್ಲಿ ರಕ್ತ ಕಡಿಮೆಯೋ? ಹೇಗೆ ತಿಳಿಯುವುದು?

ಒಳಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ, ಆದ್ದರಿಂದಲೇ ಜನ ತಿಂಗಳುಗಟ್ಟಲೆ ಗೊಂದಲದಲ್ಲಿರುತ್ತಾರೆ. ಮನಸ್ಸು ಕುಗ್ಗಿರುವುದು ಅಥವಾ ಹಿಂದೆ ಖುಷಿ ಕೊಡುತ್ತಿದ್ದ ಯಾವುದೂ ಈಗ ಕೊಡದಿರುವುದು, ಇವೆರಡರಲ್ಲಿ ಒಂದಾದರೂ ಎರಡು ವಾರ ಬಿಡದೆ ಇದ್ದು, ನಿದ್ದೆ, ಹಸಿವು, ಗಮನ, ತಾನು ಯಾರಿಗೂ ಬೇಡ ಎಂಬ ಭಾವ ಇವುಗಳಲ್ಲಿ ಕೆಲವು ಜೊತೆಗೂಡಿದ್ದರೆ ವೈದ್ಯರು ಖಿನ್ನತೆಯನ್ನು ಯೋಚಿಸುತ್ತಾರೆ. ಮೆಟ್ಟಿಲು ಹತ್ತಿದರೆ ಏದುಸಿರು, ಎದೆ ಡವಗುಟ್ಟುವುದು, ಮಣ್ಣು ಅಥವಾ ಮಂಜುಗಡ್ಡೆ ತಿನ್ನಬೇಕೆನಿಸುವುದು, ರಾತ್ರಿ ಕಾಲುಗಳು ಸುಮ್ಮನಿರಲಾರದೆ ಚಡಪಡಿಸುವುದು, ಇವು ಕಬ್ಬಿಣದ ಕೊರತೆಯ ಕಡೆ ಬೆರಳು ತೋರಿಸುತ್ತವೆ.

ಊಹೆಯ ಮೇಲೆ ನಿಲ್ಲಬೇಡಿ. ಸಂಪೂರ್ಣ ರಕ್ತ ಎಣಿಕೆ, ಮೈಯಲ್ಲಿ ಕೂಡಿಟ್ಟ ಕಬ್ಬಿಣವನ್ನು ತೋರಿಸುವ ಫೆರಿಟಿನ್, ಥೈರಾಯ್ಡ್ ಗ್ರಂಥಿಯ ಕೆಲಸವನ್ನು ತೋರಿಸುವ ಟಿಎಸ್‌ಎಚ್ ಮತ್ತು ಬಿ12, ಈ ನಾಲ್ಕು ಪರೀಕ್ಷೆಗಳು ಗೊಂದಲದ ದೊಡ್ಡ ಪಾಲನ್ನು ಬಿಡಿಸುತ್ತವೆ. ಒಂದು ಮಾತನ್ನು ಒತ್ತಿ ಹೇಳುತ್ತೇನೆ: ರಕ್ತಹೀನತೆ ಸಿಕ್ಕಿತು ಎಂದರೆ ಖಿನ್ನತೆ ಇಲ್ಲ ಎಂದಲ್ಲ. ಎರಡೂ ಒಟ್ಟಿಗೇ ಇರುತ್ತವೆ, ಬಹಳ ಸಲ. ಎರಡಕ್ಕೂ ಚಿಕಿತ್ಸೆ ಬೇಕು.

ಮೆಗ್ನೀಸಿಯಂ ತೆಗೆದುಕೊಂಡರೆ ಮನಸ್ಸು ಶಾಂತವಾಗುತ್ತದೆ ಎನ್ನುತ್ತಾರೆ. ಅದೂ ಸೂಕ್ಷ್ಮ ಖನಿಜವೇ?

ಅಲ್ಲ, ಅದು ದೇಹದಲ್ಲಿ ಸುಮಾರು 25 ಗ್ರಾಂ ಇರುವ ದೊಡ್ಡ ಖನಿಜ. ಆದರೂ ಈ ಪ್ರಶ್ನೆ ಕೇಳದ ವಾರವಿಲ್ಲ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸೌಮ್ಯ ಮತ್ತು ಮಧ್ಯಮ ಖಿನ್ನತೆಯ 126 ಮಂದಿ ಆರು ವಾರ ದಿನಕ್ಕೆ 248 ಮಿಲಿಗ್ರಾಂ ಮೆಗ್ನೀಸಿಯಂ ತೆಗೆದುಕೊಂಡರು. ಪ್ರಶ್ನಾವಳಿಯಿಂದ ಅಳೆದ ಖಿನ್ನತೆಯ ಅಂಕ ಚೆನ್ನಾಗಿಯೇ ಇಳಿಯಿತು. ಆದರೆ ಅಲ್ಲಿ ಮದ್ದಿಲ್ಲದ ಹುಸಿ ಮಾತ್ರೆಯೊಡನೆ ಹೋಲಿಕೆ ಇರಲಿಲ್ಲ, ತಾವು ನುಂಗುತ್ತಿರುವುದೇನೆಂದು ಎಲ್ಲರಿಗೂ ಗೊತ್ತಿತ್ತು. ಖಿನ್ನತೆಯ ವಿಷಯದಲ್ಲಿ ಭರವಸೆಯೇ ಅಂಕವನ್ನು ಎಷ್ಟೋ ಇಳಿಸುತ್ತದೆ. ಹಾಗಾಗಿ ಆ ಫಲಿತಾಂಶವನ್ನು ಆಸೆಯಿಂದ ನೋಡಬಹುದು, ಅದರ ಮೇಲೆ ಮನೆ ಕಟ್ಟುವಂತಿಲ್ಲ. ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಮುಟ್ಟಬಾರದು.

## ಒಂದೊಂದೇ ಖನಿಜ

ಸತು ಮಿದುಳಿನಲ್ಲಿ ನಿಜವಾಗಿ ಏನು ಮಾಡುತ್ತದೆ?

ನನಗೆ ಇಡೀ ವಿಷಯದಲ್ಲಿ ಅತ್ಯಂತ ಸೋಜಿಗ ಎನಿಸುವ ಭಾಗ ಇದು. ನೆನಪು ಮತ್ತು ಭಾವನೆಗಳಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್ ಎಂಬ ಭಾಗದ ಕೆಲವು ನರಕೋಶಗಳು ತಮ್ಮ ತುದಿಯ ಪುಟ್ಟ ಚೀಲಗಳಲ್ಲಿ ಸತುವನ್ನು ತುಂಬಿಟ್ಟುಕೊಂಡಿರುತ್ತವೆ. ಆ ಚೀಲದಲ್ಲೇ ಗ್ಲುಟಮೇಟ್ ಎಂಬ ಉದ್ರೇಕಕಾರಿ ರಾಸಾಯನಿಕವೂ ಇರುತ್ತದೆ. ಸಂದೇಶ ಹೊರಡುವಾಗ ಎರಡೂ ಒಟ್ಟಿಗೆ ಹೊರಬೀಳುತ್ತವೆ. ಗ್ಲುಟಮೇಟ್ ಮುಂದಿನ ಕೋಶವನ್ನು ಕೆರಳಿಸುತ್ತದೆ, ಸತು ಆ ಕೋಶದ ಎನ್‌ಎಂಡಿಎ ಎಂಬ ಗ್ರಾಹಕಕ್ಕೆ (ಸಂದೇಶ ಹಿಡಿಯುವ ಪ್ರೋಟೀನಿಗೆ) ಅಂಟಿಕೊಂಡು ಕೆರಳಿಕೆಯನ್ನು ತಗ್ಗಿಸುತ್ತದೆ. ಒಂದೇ ಗಾಡಿಗೆ ವೇಗವೂ ಲಗಾಮೂ ಒಟ್ಟಿಗೆ. ಹಠಮಾರಿ ಖಿನ್ನತೆಗೆ ಈಗ ಬಳಸುವ ಕೆಟಮಿನ್ ಕೂಡ ಇದೇ ಗ್ರಾಹಕವನ್ನು ತಡೆಯುತ್ತದೆ. ಸತುವಿನ ಕಡೆ ಸಂಶೋಧಕರ ಕಣ್ಣು ನೆಡಲು ಇದೂ ಒಂದು ಕಾರಣ.

2013ರಲ್ಲಿ 17 ಅಧ್ಯಯನಗಳನ್ನು ಕೂಡಿಸಿ ನೋಡಿದಾಗ, ಖಿನ್ನತೆಯಿದ್ದ 1643 ಮಂದಿಯ ರಕ್ತದಲ್ಲಿ ಸತುವಿನ ಮಟ್ಟ, ಖಿನ್ನತೆಯಿಲ್ಲದ 804 ಮಂದಿಗಿಂತ ಸರಾಸರಿಯಲ್ಲಿ ಕಡಿಮೆ ಇತ್ತು. ಪೋಲೆಂಡಿನ ಸಂಶೋಧಕರು 60 ರೋಗಿಗಳಿಗೆ ಇಮಿಪ್ರಮಿನ್ ಎಂಬ ಖಿನ್ನತೆಯ ಔಷಧದ ಜೊತೆಗೆ 12 ವಾರ ದಿನಕ್ಕೆ 25 ಮಿಲಿಗ್ರಾಂ ಸತು ಅಥವಾ ಹುಸಿ ಮಾತ್ರೆ ಕೊಟ್ಟು 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಹಿಂದೆ ಔಷಧಕ್ಕೆ ಬಗ್ಗದಿದ್ದ ರೋಗಿಗಳಲ್ಲಿ ಸತು ಸೇರಿಸಿದ್ದರಿಂದ ಪ್ರಯೋಜನ ಕಂಡಿತು, ಉಳಿದವರಲ್ಲಿ ಕಾಣಲಿಲ್ಲ. ಗುಂಪು ಚಿಕ್ಕದು. ಆದರೂ ಸತು ಔಷಧದ ಬದಲಿಗಲ್ಲ, ಔಷಧದ ಜೊತೆಗೆ ಎಂಬುದನ್ನು ಅದು ತೋರಿಸುತ್ತದೆ.

ಹಿಮೊಗ್ಲೋಬಿನ್ ಸರಿಯಿದೆ, ಫೆರಿಟಿನ್ ಮಾತ್ರ ಕಡಿಮೆ ಬಂದಿದೆ. ಡಾಕ್ಟರು ಚಿಂತೆ ಬೇಡ ಎಂದರು. ನನ್ನ ಬೇಸರಕ್ಕೆ ಇದೇ ಕಾರಣವಿರಬಹುದೇ?

ಹಿಮೊಗ್ಲೋಬಿನ್ ಎಂದರೆ ಕೈಯಲ್ಲಿರುವ ಹಣ, ಫೆರಿಟಿನ್ ಎಂದರೆ ತಿಜೋರಿಯಲ್ಲಿರುವುದು. ತಿಜೋರಿ ಬರಿದಾದ ಮೇಲೂ ಸ್ವಲ್ಪ ಕಾಲ ಕೈಯಲ್ಲಿ ಓಡಾಡುತ್ತಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಆರೋಗ್ಯವಂತ ವಯಸ್ಕರಲ್ಲಿ ಲೀಟರಿಗೆ 15 ಮೈಕ್ರೋಗ್ರಾಂಗಿಂತ ಕಡಿಮೆ ಫೆರಿಟಿನ್ ಇದ್ದರೆ ಕಬ್ಬಿಣದ ಕೊರತೆ. ಬಹಳಷ್ಟು ವೈದ್ಯರು 30ರ ಕೆಳಗಿದ್ದರೇ ಗಮನ ಕೊಡುತ್ತಾರೆ.

ಸುಸ್ತಿನ ಮಟ್ಟಿಗೆ ಉತ್ತರ ಸ್ಪಷ್ಟ. 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ರಕ್ತಹೀನತೆ ಇಲ್ಲದ, ಫೆರಿಟಿನ್ 50ಕ್ಕಿಂತ ಕಡಿಮೆ ಇದ್ದ, ಸದಾ ದಣಿದಿರುತ್ತಿದ್ದ 198 ಹೆಂಗಸರು 12 ವಾರ ಕಬ್ಬಿಣ ಅಥವಾ ಹುಸಿ ಮಾತ್ರೆ ತೆಗೆದುಕೊಂಡರು. ಕಬ್ಬಿಣ ಪಡೆದವರ ಸುಸ್ತು ಹೆಚ್ಚು ಇಳಿಯಿತು. ಖಿನ್ನತೆ ಮತ್ತು ಆತಂಕದ ಅಂಕಗಳಲ್ಲಿ ಮಾತ್ರ ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಕೊರತೆ ತುಂಬಿಕೊಳ್ಳಿ, ದಣಿವು ಇಳಿದರೆ ಅದೇ ದೊಡ್ಡ ಲಾಭ. ಬೇಸರ ಹಾಗೆಯೇ ಉಳಿದರೆ ಮಾತ್ರೆ ಕೆಲಸ ಮಾಡಲಿಲ್ಲ ಎಂದು ಕೈಚೆಲ್ಲಬೇಡಿ, ಬೇಸರಕ್ಕೆ ಬೇರೆ ಚಿಕಿತ್ಸೆ ಇದೆ. ಮುಟ್ಟಿನಲ್ಲಿ ಅತಿಯಾಗಿ ರಕ್ತ ಹೋಗುತ್ತಿದ್ದರೆ ಅದನ್ನೂ ಹೇಳಿಕೊಳ್ಳಿ, ತಿಜೋರಿ ಬರಿದಾಗುತ್ತಿರುವ ದಾರಿ ಅದೇ ಇರಬಹುದು.

ತಂಗಿಗೆ ಹೆರಿಗೆಯಾಗಿ ಮೂರು ತಿಂಗಳಾಯಿತು, ಮಗುವನ್ನು ಎತ್ತಿಕೊಳ್ಳಲೂ ಮನಸ್ಸಿಲ್ಲ. ಮನೆಯಲ್ಲಿ ರಕ್ತ ಕಡಿಮೆಯಾಗಿದೆ ಅಷ್ಟೇ ಎನ್ನುತ್ತಾರೆ.

ಹೆರಿಗೆಯಲ್ಲಿ ರಕ್ತ ಹೋಗಿ ಕಬ್ಬಿಣ ಇಳಿಯುವುದು ನಿಜ, ಪರೀಕ್ಷೆ ಮಾಡಿಸಿ. ದಕ್ಷಿಣ ಆಫ್ರಿಕಾದಲ್ಲಿ ನಡೆದು 2005ರಲ್ಲಿ ಪ್ರಕಟವಾದ ಒಂದು ಪುಟ್ಟ ಅಧ್ಯಯನದಲ್ಲಿ ಕಬ್ಬಿಣದ ಕೊರತೆಯಿಂದ ರಕ್ತಹೀನತೆಯಾಗಿದ್ದ ಬಾಣಂತಿಯರಿಗೆ ಕಬ್ಬಿಣ ಕೊಟ್ಟಾಗ ಖಿನ್ನತೆ ಮತ್ತು ಒತ್ತಡದ ಅಂಕಗಳು ಸುಮಾರು ಕಾಲು ಭಾಗ ಸುಧಾರಿಸಿದವು. ಆದರೆ ಮಗುವಿನ ಮೇಲೆ ಮನಸ್ಸಿಲ್ಲದಿರುವುದು ಬಾಣಂತಿ ಖಿನ್ನತೆಯ ಲಕ್ಷಣ, ಅದಕ್ಕೆ ಕಾದು ನೋಡುವ ಕಾಲವಿಲ್ಲ. ಈ ವಾರವೇ ಕರೆದುಕೊಂಡು ಹೋಗಿ. ಮನೆಯವರು ‘ಅಷ್ಟೇ’ ಎಂದಾಗ ತಂಗಿಗೆ ತನ್ನ ಸಂಕಟ ಹೇಳಿಕೊಳ್ಳುವ ಬಾಗಿಲೂ ಮುಚ್ಚಿಹೋಗುತ್ತದೆ.

ಅಯೋಡಿನ್ ಕಡಿಮೆಯಾದರೆ ಖಿನ್ನತೆ ಬರುತ್ತದೆಯೇ?

ಅಯೋಡಿನ್ ಕೊರತೆ ಬಹಳ ಕಾಲ ಮುಂದುವರಿದರೆ ಥೈರಾಯ್ಡ್ ಹಾರ್ಮೋನು ತಗ್ಗಬಹುದು. ಹಾರ್ಮೋನು ತಗ್ಗಿದಾಗ ಮನುಷ್ಯ ನಿಧಾನವಾಗುತ್ತಾನೆ: ಮಾತು ನಿಧಾನ, ಯೋಚನೆ ನಿಧಾನ, ಚಳಿ ಹೆಚ್ಚು, ತೂಕ ಹೆಚ್ಚು, ಮನಸ್ಸು ಮಂಕು. ದೂರದಿಂದ ನೋಡಿದವರಿಗೆ ಅದು ಖಿನ್ನತೆಯೇ. ಆದರೆ ಥೈರಾಯ್ಡ್ ತಗ್ಗಲು ಅಯೋಡಿನ್ ಕೊರತೆಯೊಂದೇ ಕಾರಣವಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ಗ್ರಂಥಿಯ ಮೇಲೆ ತಿರುಗಿಬಿದ್ದಿದ್ದರೆ ಹೆಚ್ಚುವರಿ ಅಯೋಡಿನ್ ಕೆಡುಕನ್ನೇ ಮಾಡಬಹುದು. ವಯಸ್ಕರಿಗೆ ದಿನಕ್ಕೆ ಬೇಕಾದ್ದು 150 ಮೈಕ್ರೋಗ್ರಾಂ, ಗರ್ಭಿಣಿಯರಿಗೆ 250. ಅಯೋಡಿನ್ ಸೇರಿಸಿದ ಉಪ್ಪನ್ನು ಮಿತವಾಗಿ ಬಳಸುವ ಬಹುತೇಕರಿಗೆ ಬೇರೆ ಮಾತ್ರೆ ಬೇಕಿಲ್ಲ.

ದಿನಕ್ಕೆ ಒಂದು ಹಿಡಿ ಬ್ರೆಜಿಲ್ ನಟ್ ತಿಂದರೆ ಸೆಲೆನಿಯಂ ಸಿಕ್ಕಿ ಮನಸ್ಸು ಹಗುರವಾಗುತ್ತದೆ ಎಂದು ಓದಿದೆ.

ದಯವಿಟ್ಟು ಹಿಡಿಗಟ್ಟಲೆ ತಿನ್ನಬೇಡಿ. ಬೆಳೆದ ಮಣ್ಣಿಗೆ ತಕ್ಕಂತೆ ಒಂದೊಂದು ಬೀಜದಲ್ಲೇ 50 ಮೈಕ್ರೋಗ್ರಾಂಗಿಂತ ಹೆಚ್ಚು ಸೆಲೆನಿಯಂ ಇರಬಹುದು. ದಿನದ ಅಗತ್ಯ 55 ಮೈಕ್ರೋಗ್ರಾಂ ಆಸುಪಾಸು. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2023ರಲ್ಲಿ ಹಾಕಿದ ಮೇಲಿನ ಮಿತಿ 255.

ನ್ಯೂಜಿಲೆಂಡಿನಲ್ಲಿ 17ರಿಂದ 25 ವರ್ಷದ 978 ಮಂದಿಯನ್ನು ಪರೀಕ್ಷಿಸಿದಾಗ, ಸೆಲೆನಿಯಂ ಕಡಿಮೆ ಇದ್ದವರಲ್ಲೂ ಹೆಚ್ಚಿದ್ದವರಲ್ಲೂ ಖಿನ್ನತೆಯ ಲಕ್ಷಣಗಳು ಹೆಚ್ಚಿದ್ದವು, ನಡುವಿನವರಲ್ಲಿ ಕಡಿಮೆ. ಇನ್ನು ಮಾತ್ರೆಯ ಕಥೆ: 1991ರಲ್ಲಿ ಬ್ರಿಟನ್ನಿನ ಒಂದು ಸಣ್ಣ ಪ್ರಯೋಗ ಆಸೆ ಹುಟ್ಟಿಸಿತು. 2006ರಲ್ಲಿ ಅದೇ ದೇಶದಲ್ಲಿ 501 ಹಿರಿಯರ ಮೇಲೆ ಆರು ತಿಂಗಳು ನಡೆದ ಪ್ರಯೋಗದ ಫಲಿತಾಂಶ ಬಂದಾಗ ಮನಸ್ಸಿನ ಮೇಲೆ ಯಾವ ಪರಿಣಾಮವೂ ಕಾಣಲಿಲ್ಲ. ಅತಿಯಾದರೆ ಕೂದಲು ಉದುರುತ್ತದೆ, ಉಗುರು ಪುಡಿಯಾಗುತ್ತದೆ, ಉಸಿರಿನಲ್ಲಿ ಬೆಳ್ಳುಳ್ಳಿಯ ವಾಸನೆ ಬರುತ್ತದೆ. 2008ರಲ್ಲಿ ಅಮೆರಿಕದಲ್ಲಿ ಚೀಟಿಯಲ್ಲಿ ಹೇಳಿದ್ದಕ್ಕಿಂತ ಸುಮಾರು 200 ಪಟ್ಟು ಸೆಲೆನಿಯಂ ಬೆರೆತ ಒಂದು ದ್ರವ ಪೂರಕ ಕುಡಿದು 201 ಮಂದಿ ವಿಷಬಾಧೆಗೆ ಒಳಗಾದರು. ನಾನು ಸೆಲೆನಿಯಂ ಮಾತ್ರೆಯನ್ನು ಯಾರಿಗೂ ಸುಮ್ಮನೆ ಹೇಳುವುದಿಲ್ಲ.

## ಊಟ, ಮಾತ್ರೆ, ಪರೀಕ್ಷೆ

ನಾನು ಸಸ್ಯಾಹಾರಿ. ನನಗೆ ಕೊರತೆ ಖಂಡಿತ ಇದ್ದೇ ಇರುತ್ತದೆಯೇ?

ಖಂಡಿತ ಎನ್ನಲಾಗದು, ಸಂಭವ ಸ್ವಲ್ಪ ಹೆಚ್ಚು. ಇಡಿ ಧಾನ್ಯ ಮತ್ತು ಕಾಳುಗಳಲ್ಲಿ ಸತು, ಕಬ್ಬಿಣ ಚೆನ್ನಾಗಿಯೇ ಇವೆ. ಆದರೆ ಅವುಗಳಲ್ಲಿರುವ ಫೈಟೇಟ್ ಎಂಬ ವಸ್ತು ಖನಿಜವನ್ನು ಹಿಡಿದುಕೊಂಡು ಕರುಳಿನಾಚೆ ಹೋಗಲು ಬಿಡುವುದಿಲ್ಲ. ಅದನ್ನು ಸಡಿಲಿಸುವ ಉಪಾಯಗಳು ಅಡುಗೆಮನೆಯಲ್ಲೇ ಇವೆ: ಕಾಳನ್ನು ರಾತ್ರಿ ನೆನೆಸಿ ಆ ನೀರು ಚೆಲ್ಲುವುದು, ಮೊಳಕೆ ಬರಿಸುವುದು, ಹಿಟ್ಟನ್ನು ಹುಳಿ ಬರಿಸುವುದು. ಮೊಳಕೆಯೊಡೆಯುವಾಗ ಬೀಜ ತನ್ನ ಸಸಿಗಾಗಿ ಬಚ್ಚಿಟ್ಟ ಖನಿಜವನ್ನು ತಾನೇ ಬಿಡಿಸಿಕೊಳ್ಳುತ್ತದೆ, ಆ ಹೊತ್ತಿಗೆ ನಾವು ಅದರಲ್ಲಿ ಪಾಲು ಕೇಳುತ್ತೇವೆ. ಊಟದ ಜೊತೆ ನಿಂಬೆ, ಸೀಬೆ, ಕಿತ್ತಳೆಯಂಥ ಸಿ ಜೀವಸತ್ವ ಇದ್ದರೆ ಸಸ್ಯಮೂಲದ ಕಬ್ಬಿಣ ಹೆಚ್ಚು ಹೀರಿಕೆಯಾಗುತ್ತದೆ. ಚಹಾ, ಕಾಫಿಯನ್ನು ಊಟದಿಂದ ಒಂದು ತಾಸು ದೂರ ಇಡಿ. ಬಿ12 ಮಾತ್ರ ಸಸ್ಯಗಳಿಂದ ಸಿಗುವುದಿಲ್ಲ, ಅದನ್ನು ಪರೀಕ್ಷಿಸಿಕೊಳ್ಳಿ.

ಮೂರು ಬಗೆಯ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ, ಎಲ್ಲದರಲ್ಲೂ ಸತು ಇದೆ. ಜಾಸ್ತಿಯಾಗುತ್ತದೆಯೇ?

ಒಬ್ಬ ಹಿರಿಯರು ಚೀಲದಿಂದ ಮೂರು ಬಾಟಲಿ ತೆಗೆದು ನನ್ನ ಮೇಜಿನ ಮೇಲೆ ಸಾಲಾಗಿ ಇಟ್ಟರು. ಒಂದು ಬಹುಜೀವಸತ್ವದ್ದು, ಅದರಲ್ಲಿ ಸತು 15 ಮಿಲಿಗ್ರಾಂ. ಇನ್ನೊಂದು ರೋಗನಿರೋಧಕ ಶಕ್ತಿಗೆಂದು ಕೊಂಡದ್ದು, 25. ಮೂರನೆಯದರ ಮೇಲೆ ‘ಜಿಂಕ್ ಸಲ್ಫೇಟ್ 220 ಮಿಲಿಗ್ರಾಂ’ ಎಂದಿತ್ತು. ಅದು ಲವಣದ ತೂಕ, ಅದರೊಳಗಿನ ಶುದ್ಧ ಸತು ಸುಮಾರು 50. ಕೂಡಿಸಿದರೆ ದಿನಕ್ಕೆ 90 ಮಿಲಿಗ್ರಾಂ. ಅಮೆರಿಕದಲ್ಲಿ ವಯಸ್ಕರಿಗೆ ಗೊತ್ತುಮಾಡಿದ ಮೇಲಿನ ಮಿತಿ 40, ಯುರೋಪಿನಲ್ಲಿ 25.

ಸತು ಅತಿಯಾದರೆ ಕರುಳಿನ ಕೋಶಗಳು ಲೋಹ ಹಿಡಿಯುವ ಒಂದು ಪ್ರೋಟೀನನ್ನು ಹೆಚ್ಚಾಗಿ ತಯಾರಿಸುತ್ತವೆ. ಅದು ಸತುವಿಗಿಂತ ಬಿಗಿಯಾಗಿ ತಾಮ್ರವನ್ನು ಹಿಡಿಯುತ್ತದೆ, ಕೋಶ ಉದುರಿದಾಗ ತಾಮ್ರವೂ ಮಲದ ಜೊತೆ ಹೊರಗೆ. ತಿಂಗಳುಗಳು ಕಳೆದಂತೆ ರಕ್ತಹೀನತೆ, ಬಿಳಿ ರಕ್ತಕಣಗಳ ಇಳಿಕೆ, ಪಾದ ಜೋಮು ಹಿಡಿಯುವುದು, ನಡಿಗೆ ತಪ್ಪುವುದು. ನರಗಳ ಹಾನಿ ಪೂರ್ತಿ ಮರಳದೆಯೂ ಇರಬಹುದು. ಆ ಹಿರಿಯರು ಪಾದದಲ್ಲಿ ಜೋಮು ಎಂದೇ ಮಾತು ಆರಂಭಿಸಿದ್ದರು. ಅವರನ್ನು ಅಂದೇ ನರರೋಗ ವೈದ್ಯರ ಬಳಿ ಕಳುಹಿಸಿದೆ. ನಿಮ್ಮ ಬಾಟಲಿಗಳನ್ನೂ ಸಾಲಾಗಿಟ್ಟು ಶುದ್ಧ ಧಾತುವಿನ ಪ್ರಮಾಣವನ್ನು ಕೂಡಿಸಿ ನೋಡಿ.

ಕೂದಲು ಪರೀಕ್ಷೆ ಮಾಡಿಸಿ ಖನಿಜಗಳ ಪಟ್ಟಿ ಪಡೆಯಬಹುದಂತೆ. ಮಾಡಿಸಲೇ?

ಬೇಡ. ಒಬ್ಬರೇ ಆರೋಗ್ಯವಂತರ ಕೂದಲನ್ನು ಪಾಲು ಮಾಡಿ ಅಮೆರಿಕದ ಆರು ಪ್ರಯೋಗಾಲಯಗಳಿಗೆ ಕಳುಹಿಸಿ ನೋಡಿದ್ದಾರೆ. 2001ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ, ಹಲವು ಖನಿಜಗಳ ಅಂಕಿಗಳು ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಹತ್ತು ಪಟ್ಟಿಗಿಂತ ಹೆಚ್ಚು ಬೇರೆಯಾಗಿದ್ದವು.

ಖಿನ್ನತೆಗೆ ಔಷಧ ತೆಗೆದುಕೊಳ್ಳುತ್ತಿದ್ದೇನೆ. ಜೊತೆಗೆ ಖನಿಜದ ಮಾತ್ರೆ ಸೇರಿಸಬಹುದೇ? ಔಷಧ ನಿಲ್ಲಿಸಬಹುದೇ?

ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ: ನಿಲ್ಲಿಸಬೇಡಿ. ಒಮ್ಮೆಲೇ ನಿಲ್ಲಿಸಿದರೆ ತಲೆ ತಿರುಗುವಿಕೆ, ನಿದ್ದೆಗೇಡು, ಚಡಪಡಿಕೆ ಬರಬಹುದು, ಖಿನ್ನತೆ ಮರುಕಳಿಸಲೂಬಹುದು. ಸೇರಿಸುವ ಮಾತಾದರೆ, ಸಾಧಾರಣ ಪ್ರಮಾಣದ ಸತು ಅಥವಾ ಕಬ್ಬಿಣ ಸಾಮಾನ್ಯ ಖಿನ್ನತೆ ಔಷಧಗಳ ಜೊತೆ ದೊಡ್ಡ ತಕರಾರು ಮಾಡುವುದಿಲ್ಲ. ತಕರಾರು ಬೇರೆ ಔಷಧಗಳ ಜೊತೆ. ಥೈರಾಯ್ಡ್ ಮಾತ್ರೆಗೂ ಕಬ್ಬಿಣಕ್ಕೂ ನಾಲ್ಕು ತಾಸಿನ ಅಂತರ ಬೇಕು, ಕೆಲವು ಆ್ಯಂಟಿಬಯೋಟಿಕ್‌ಗಳನ್ನು ಸತು, ಕಬ್ಬಿಣ ಎರಡೂ ಕಟ್ಟಿಹಾಕುತ್ತವೆ. ಮನಸ್ಸಿನ ತೀವ್ರ ಏರಿಳಿತಕ್ಕೆ ಕೊಡುವ ಲಿಥಿಯಂ ಎಂಬ ಔಷಧ ತೆಗೆದುಕೊಳ್ಳುವವರು ಥೈರಾಯ್ಡ್ ಪರೀಕ್ಷೆಯನ್ನು ತಪ್ಪಿಸಬಾರದು.

ಅಮ್ಮ ಖಿನ್ನತೆಯಿಂದ ಊಟವನ್ನೇ ಬಿಟ್ಟಿದ್ದಾರೆ. ಯಾವ ಖನಿಜದ ಆಹಾರ ಕೊಡಲಿ?

ಈಗ ಖನಿಜದ ಲೆಕ್ಕ ಬೇಡ, ತುತ್ತಿನ ಲೆಕ್ಕ ಸಾಕು. ದೊಡ್ಡ ತಟ್ಟೆ ಕಂಡರೇ ಅವರಿಗೆ ಬೆಟ್ಟ ಕಂಡಂತಾಗಬಹುದು. ಸಣ್ಣ ಬಟ್ಟಲಿನಲ್ಲಿ ಅವರಿಗೆ ಹಿಂದೆ ಇಷ್ಟವಾಗಿದ್ದನ್ನೇ ಎರಡು ಮೂರು ತಾಸಿಗೊಮ್ಮೆ ಕೊಡಿ, ಪಕ್ಕದಲ್ಲಿ ಕುಳಿತು ನೀವೂ ತಿನ್ನಿ. ನೀರನ್ನೂ ಬಿಟ್ಟಿದ್ದರೆ, ತೂಕ ಬೇಗ ಇಳಿಯುತ್ತಿದ್ದರೆ ಅದು ತುರ್ತು, ಆಸ್ಪತ್ರೆಗೆ ಕರೆದೊಯ್ಯಿರಿ.

## ಇನ್ನೂ ಆಳಕ್ಕೆ ಹೋಗುವವರಿಗೆ

ಖಿನ್ನರಾದವರ ರಕ್ತದಲ್ಲಿ ಸತು ಕಡಿಮೆ ಎಂದಿರಿ. ಹಾಗಾದರೆ ಕೊರತೆಯೇ ಕಾರಣ ತಾನೇ?

ಇರಬಹುದು, ಆದರೆ ಉಲ್ಟಾ ದಾರಿಯೂ ಅಷ್ಟೇ ಸಂಭವ. ಹಸಿವು ಸತ್ತವರು ಕಡಿಮೆ ತಿನ್ನುತ್ತಾರೆ, ಸತು ಇಳಿಯುತ್ತದೆ. ಅದಕ್ಕಿಂತ ಸೂಕ್ಷ್ಮವಾದ ದಾರಿ ಇನ್ನೊಂದಿದೆ. ಖಿನ್ನತೆಯಿರುವ ಒಂದಷ್ಟು ಜನರಲ್ಲಿ ಮಂದ ಉರಿಯೂತ ಇರುತ್ತದೆ. ಉರಿಯೂತವಾದಾಗ ದೇಹ ಸತುವನ್ನು ರಕ್ತದಿಂದ ಯಕೃತ್ತಿಗೆ ಎಳೆದುಕೊಳ್ಳುತ್ತದೆ, ಕಬ್ಬಿಣವನ್ನು ಕೋಶಗಳೊಳಗೆ ಕೂಡಿಹಾಕುತ್ತದೆ. ಸೋಂಕು ತಂದ ಸೂಕ್ಷ್ಮಜೀವಿಗಳಿಗೆ ಖನಿಜ ಸಿಗದಂತೆ ನೋಡಿಕೊಳ್ಳುವ ಹಳೆಯ ರಕ್ಷಣಾ ತಂತ್ರವದು. ದೇಹದಲ್ಲಿ ಸತು ಸಾಕಷ್ಟಿದ್ದರೂ ರಕ್ತದ ಅಂಕಿ ಕೆಳಗಿಳಿದಿರುತ್ತದೆ. ಪ್ಲಾಸ್ಮಾದಲ್ಲಿರುವ ಸತು ಒಟ್ಟು ಸತುವಿನ ನೂರಕ್ಕೆ ಒಂದು ಪಾಲೂ ಇಲ್ಲ. ಊಟವಾದ ಮೇಲೆ ಒಂದು ಅಂಕಿ, ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಇನ್ನೊಂದು.

ಫೆರಿಟಿನ್ ಇದಕ್ಕೆ ತದ್ವಿರುದ್ಧ. ಉರಿಯೂತದಲ್ಲಿ ಅದು ಏರಿ, ಇರುವ ಕೊರತೆಯನ್ನೇ ಮರೆಮಾಡುತ್ತದೆ. ಈ ಎರಡನ್ನು ಓದುವಾಗ ಉರಿಯೂತ ತೋರಿಸುವ ಸಿಆರ್‌ಪಿ ಅಂಕಿಯನ್ನು ಪಕ್ಕದಲ್ಲಿಟ್ಟುಕೊಳ್ಳದಿದ್ದರೆ ಮೋಸ ಹೋಗುತ್ತೇವೆ.

ತಾಮ್ರ ಜಾಸ್ತಿಯಾದರೂ ಮನಸ್ಸು ಕೆಡುತ್ತದೆಯೇ?

ವಿಲ್ಸನ್ ಕಾಯಿಲೆ ಎಂಬ ಅಪರೂಪದ ಆನುವಂಶಿಕ ತೊಂದರೆಯಲ್ಲಿ ಯಕೃತ್ತು ತಾಮ್ರವನ್ನು ಹೊರಹಾಕಲಾರದೆ ಅದು ಮಿದುಳಿನಲ್ಲೂ ಶೇಖರವಾಗುತ್ತದೆ. ಕೆಲವರಲ್ಲಿ ಖಿನ್ನತೆ, ಸ್ವಭಾವದ ಬದಲಾವಣೆ, ಓದಿನಲ್ಲಿ ಹಿಂದೆ ಬೀಳುವುದು ಮೊದಲ ಸುಳಿವು. ಹರೆಯದವರಲ್ಲಿ ಇದರ ಜೊತೆ ಕೈನಡುಕ, ಮಾತು ತೊದಲುವುದು ಅಥವಾ ಯಕೃತ್ತಿನ ತೊಂದರೆ ಕಂಡರೆ ಕೂಡಲೇ ಪರೀಕ್ಷಿಸಬೇಕು, ಏಕೆಂದರೆ ಬೇಗ ಹಿಡಿದರೆ ಇದಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ಉಳಿದವರ ರಕ್ತದಲ್ಲಿ ತಾಮ್ರ ತುಸು ಹೆಚ್ಚು ಕಂಡರೆ ಅದು ಉರಿಯೂತದ್ದೋ ಗರ್ಭನಿರೋಧಕ ಮಾತ್ರೆಯದೋ ಆಗಿರುವುದೇ ಹೆಚ್ಚು.

ಕುಡಿಯುವ ನೀರಿನಲ್ಲಿ ಲಿಥಿಯಂ ಇರುವ ಕಡೆ ಆತ್ಮಹತ್ಯೆ ಕಡಿಮೆಯಂತೆ. ನಿಜವೇ?

1990ರಲ್ಲಿ ಟೆಕ್ಸಾಸಿನ 27 ಕೌಂಟಿಗಳ ಅಂಕಿಅಂಶ, 2009ರಲ್ಲಿ ಜಪಾನಿನ ಓಯಿತಾ ಪ್ರಾಂತದ ಅಂಕಿಅಂಶ ಅಂಥ ಸಂಬಂಧ ತೋರಿಸಿದವು. ಡೆನ್ಮಾರ್ಕಿನಲ್ಲಿ 37 ಲಕ್ಷಕ್ಕೂ ಹೆಚ್ಚು ವಯಸ್ಕರನ್ನು 22 ವರ್ಷ ಹಿಂಬಾಲಿಸಿ 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆ ಸಂಬಂಧ ಕಾಣಲಿಲ್ಲ. ಪ್ರಮಾಣವನ್ನೂ ನೋಡಿ. ಓಯಿತಾದಲ್ಲಿ ಲಿಥಿಯಂ ಅತಿ ಹೆಚ್ಚಿದ್ದ ನೀರಿನಲ್ಲಿ ಲೀಟರಿಗೆ 59 ಮೈಕ್ರೋಗ್ರಾಂ, ದಿನಕ್ಕೆ ಎರಡು ಲೀಟರ್ ಕುಡಿದರೂ ಸುಮಾರು 0.12 ಮಿಲಿಗ್ರಾಂ. ಔಷಧವಾಗಿ ಕೊಡುವ 900 ಮಿಲಿಗ್ರಾಂ ಲಿಥಿಯಂ ಕಾರ್ಬೊನೇಟಿನಲ್ಲಿ ಸುಮಾರು 170 ಮಿಲಿಗ್ರಾಂ ಲಿಥಿಯಂ. ಸಾವಿರ ಪಟ್ಟಿಗೂ ಮೀರಿದ ವ್ಯತ್ಯಾಸ. ಪೂರಕವೆಂದು ಮಾರುವ ಲಿಥಿಯಂ ಮಾತ್ರೆಗಳಿಗೆ ಕೈ ಹಾಕಬೇಡಿ.

ಊಟ ಬದಲಿಸಿದರೆ ಪ್ರಯೋಜನ ಎನ್ನುತ್ತಾರೆ, ಮಾತ್ರೆಯಿಂದ ಇಲ್ಲ ಎನ್ನುತ್ತಾರೆ. ಖನಿಜ ಎರಡರಲ್ಲೂ ಒಂದೇ ಅಲ್ಲವೇ?

ಈ ಪ್ರಶ್ನೆ ಕೇಳಿದವರು ವಿಷಯದ ಎದೆಗೇ ಕೈಹಾಕಿದ್ದಾರೆ. ನಾಲ್ಕು ಯುರೋಪಿಯನ್ ದೇಶಗಳಲ್ಲಿ, ತೂಕ ಹೆಚ್ಚಿದ್ದು ಖಿನ್ನತೆಯ ಅಂಚಿನಲ್ಲಿದ್ದ 1025 ಮಂದಿಯ ಮೇಲೆ ಒಂದು ವರ್ಷ ನಡೆದು 2019ರಲ್ಲಿ ಪ್ರಕಟವಾದ ಮೂಡ್‌ಫುಡ್ ಪ್ರಯೋಗದಲ್ಲಿ, ಸೆಲೆನಿಯಂ, ಒಮೆಗಾ-3, ಫೋಲಿಕ್ ಆ್ಯಸಿಡ್, ಡಿ ಜೀವಸತ್ವ ಸೇರಿಸಿದ ಪೂರಕಗಳು ಖಿನ್ನತೆಯನ್ನು ತಡೆಯಲಿಲ್ಲ. ನೂರರಲ್ಲಿ ಸುಮಾರು ಹತ್ತು ಮಂದಿಗೆ ಅದು ಬಂದೇ ಬಂತು. 2017ರಲ್ಲಿ ಆಸ್ಟ್ರೇಲಿಯಾದಿಂದ ಬಂದ ಸ್ಮೈಲ್ಸ್ ಪ್ರಯೋಗ ಬೇರೆ ಬಗೆಯದು. ಈಗಾಗಲೇ ಖಿನ್ನತೆಯಿದ್ದ, ಊಟ ಚೆನ್ನಾಗಿಲ್ಲದ 67 ಮಂದಿ. ಅರ್ಧದಷ್ಟು ಜನರಿಗೆ 12 ವಾರ ಆಹಾರ ತಜ್ಞರ ಮಾರ್ಗದರ್ಶನ, ಉಳಿದವರಿಗೆ ಸುಮ್ಮನೆ ಜೊತೆ ಕುಳಿತು ಮಾತುಕತೆ. ಮೊದಲ ಗುಂಪಿನಲ್ಲಿ ನೂರಕ್ಕೆ 32 ಮಂದಿ ಖಿನ್ನತೆಯಿಂದ ಹೊರಬಂದರು, ಎರಡನೆಯದರಲ್ಲಿ 8.

ಎರಡನೇ ಪ್ರಯೋಗ ಚಿಕ್ಕದು, ತಾವು ಯಾವ ಗುಂಪಿನಲ್ಲಿದ್ದೇವೆಂದು ಅಲ್ಲಿಯ ಜನರಿಗೆ ಗೊತ್ತಿತ್ತು, ಆ ದೌರ್ಬಲ್ಯವನ್ನು ಮರೆಯಬಾರದು. ಮೂಡ್‌ಫುಡ್‌ನಲ್ಲೂ ಆಹಾರ ಬದಲಿಸುವ ಸಲಹೆ ಪಡೆದ ಗುಂಪಿಗೆ ಒಟ್ಟಾರೆ ರಕ್ಷಣೆ ಸಿಗಲಿಲ್ಲ. ಆದರೂ ನನ್ನ ಅಭಿಪ್ರಾಯ ಹೀಗಿದೆ. ಕಾಳು, ಸೊಪ್ಪು, ಮೀನು, ಬೀಜಗಳ ಊಟದಲ್ಲಿ ಸತು ಒಂಟಿಯಾಗಿ ಬರುವುದಿಲ್ಲ. ನಾರು ಬರುತ್ತದೆ, ಮೆಗ್ನೀಸಿಯಂ ಬರುತ್ತದೆ, ಕರುಳಿನ ಸೂಕ್ಷ್ಮಜೀವಿಗಳಿಗೆ ಮೇವು ಬರುತ್ತದೆ. ಅದಕ್ಕಿಂತ ಮುಖ್ಯವಾಗಿ, ಊಟ ಬದಲಿಸಲು ಒಬ್ಬರು ಎದ್ದು ಹೊರಗೆ ಹೋಗಿ ತರಕಾರಿ ಆರಿಸಿ ತಂದು ಒಲೆ ಹಚ್ಚಬೇಕು. ತಿಂಗಳುಗಳಿಂದ ಹಾಸಿಗೆ ಬಿಟ್ಟೇಳದವರೊಬ್ಬರು ಒಂದು ಮಧ್ಯಾಹ್ನ ಕಾಳು ನೆನೆಸಿಟ್ಟರೆ, ಅದನ್ನು ಬರೀ ಖನಿಜದ ಲೆಕ್ಕದಲ್ಲಿ ಅಳೆಯಲು ನನಗೆ ಮನಸ್ಸು ಬರುವುದಿಲ್ಲ.